ಇಪ್ಪತ್ತೈದನೆಯ ಪೆಟ್ಟು

ಆಳಂದದ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿದೆ. ವಜೀರುನ್ನಿಸಾ ಒಂಬತ್ತನೆಯ ತರಗತಿಯಲ್ಲಿದ್ದಾಗ, ಬೆಂಚು ಬಡಿಯುತ್ತಾಳೆಂದು ಅವಳನ್ನು ಎರಡು ಸಲ ಹೊರಗೆ ನಿಲ್ಲಿಸಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ಲೇಸು.

ಅವಳ ಅಜ್ಜಿ ಹುಸೇನಬೀ ಮದುವೆಮನೆಗಳಲ್ಲಿ ಢೋಲಕ್ ಬಾರಿಸಿ, ಬೀಗರನ್ನು ಛೇಡಿಸುವ ಹಾಡು ಹೇಳುವವಳು. ತಂದೆ ಖಜೂರಿ ಊರಿನ ಲಾರಿ ಡ್ರೈವರ್. ಆತ ಒಮ್ಮೆ ಮುಂಬಯಿಯಿಂದ ಇಂಗ್ಲಿಷ್ ಕ್ಯಾಸೆಟ್ಟೊಂದನ್ನು ತಂದ. ಅದರಲ್ಲಿದ್ದವನು ಹಾಡುತ್ತಿರಲಿಲ್ಲ, ತಾಳ ತಪ್ಪದೆ ಅತಿವೇಗದಲ್ಲಿ ಮಾತಾಡುತ್ತಿದ್ದ. ಹುಡುಗಿ ಆ ಓಟಕ್ಕೆ ಅಜ್ಜಿಯ ಛೇಡಿಕೆಯನ್ನು ಹೂಡಿದಳು, ಅರ್ಧ ಕನ್ನಡದಲ್ಲಿ, ಅರ್ಧ ದಖನಿ ಉರ್ದುವಿನಲ್ಲಿ. ಕಿಣ್ಣಿ ಸುಲ್ತಾನ ಗ್ರಾಮದ ದಶರಥನನ್ನೂ ಅವನ ಹಲಗಿವಾದ್ಯವನ್ನೂ ಜೊತೆಗೆ ಕರೆದುಕೊಂಡಳು. ೧೯೯೩ರಲ್ಲಿ ಅಫಜಲಪುರದ ಕಾಲೇಜು ಗ್ಯಾದರಿಂಗಿನಲ್ಲಿ ಅದನ್ನು ಕೇಳಿದ ಸೊಲ್ಲಾಪುರದ ಕ್ಯಾಸೆಟ್ ಕಂಪನಿಯ ಮಾಲೀಕನೊಬ್ಬ ರಿಕಾರ್ಡಿಂಗಿಗೆ ಕರೆದ.

ಮಾಸ್ತರರು ಸಂಗಡ ಹೋದರೆ ಮಾತ್ರ ಕಳಿಸುವೆನೆಂದು ತಾಯಿ ಸುಲ್ತಾನಬಿ ಹಟ ಹಿಡಿದಳು. ಹೀಗೆ ನಾನು ಹೋದದ್ದು ಕಾವಲಿಗೆ, ಸಂಗೀತಕ್ಕಲ್ಲ.

ಸೊಲ್ಲಾಪುರದ ಆ ಸ್ಟುಡಿಯೋದಲ್ಲಿ ತಾಳದ ಮಿಷನ್ನೊಂದಿತ್ತು. ಅದು ಎಂಟು ಪೆಟ್ಟಿಗೊಮ್ಮೆ ಸುತ್ತು ಮುಗಿಸುತ್ತಿತ್ತು. ದಶರಥನ ಹಲಗಿಯದು ಆರರ ಸುತ್ತು. ಅವಳು ಎಂಟಕ್ಕೆ ಸಾಲು ಮುಗಿಸಿದರೆ ಹಲಗಿ ನಡುವೆ ಸಿಕ್ಕಿಬೀಳುತ್ತಿತ್ತು, ಆರಕ್ಕೆ ಮುಗಿಸಿದರೆ ಮಿಷನ್ನು ಮುಂದೆ ಓಡುತ್ತಿತ್ತು. ಏಳು ಸಲ ಕೆಟ್ಟಿತು. ಎರಡು ಗಂಟೆಗೆ ಭಜನಾ ಮಂಡಳಿ ಬರುವುದಿದೆ, ಹಲಗಿ ಬಿಟ್ಟು ಹಾಡಲಿ, ಇಲ್ಲವೇ ಊರಿಗೆ ಹೋಗಲಿ ಎಂದು ಮಾಲೀಕ ಹೇಳಿದ. ಆಗ ಒಂದೂ ಹತ್ತು.

"ದಶರಥ ಕಾಕಾನ ಬಿಟ್ಟು ಹಾಡಿದ್ರ ಅದು ನನ್ನ ಹಾಡೇ ಅಲ್ರಿ," ಎಂದಳು ವಜೀರುನ್ನಿಸಾ, ತಲೆ ತಗ್ಗಿಸಿ.

"ನಾ ಹೊರಗ ಕುಂದರ್ತೇನಿ, ನೀ ಹಾಡು ಬೇ," ಎಂದ ದಶರಥ. "ಆ ಮಿಷನ್ನಿಗಿ ಬೀಡಿ ಸೇದಾಕೂ ಪುರಸತ್ತಿಲ್ಲ. ನನಗರ ಐತಿ."



ನಾನು ಮೂಲೆಯಲ್ಲಿ ಕುಳಿತು, ಅಭ್ಯಾಸಬಲದಿಂದ, ಬೆರಳಲ್ಲಿ ಎಣಿಸುತ್ತಿದ್ದೆ. ಆರು, ಎಂಟು. ಎರಡು ಗುಡಿಗಂಟೆಗಳು ಬೇರೆ ಬೇರೆ ಅಂತರದಲ್ಲಿ ಬಾರಿಸಿದರೆ ಮತ್ತೆ ಯಾವಾಗ ಕೂಡಿ ಬಾರಿಸುತ್ತವೆ ಎಂಬ ಲೆಕ್ಕವನ್ನು ಇದೇ ಹುಡುಗಿಗೆ ಕೊಟ್ಟಿದ್ದೆ. ಅಂದು ಅವಳು ಪೆನ್ಸಿಲ್ ಮುಟ್ಟದೆ ಎರಡೂ ಕೈಗಳಿಂದ ಬೆಂಚು ಬಡಿಯತೊಡಗಿದ್ದಳು. ಅವಳು ಲೆಕ್ಕವನ್ನೇ ಬಿಡಿಸುತ್ತಿದ್ದಳೆಂಬುದು ಸೊಲ್ಲಾಪುರದ ಆ ಕೋಣೆಯಲ್ಲಿ ನನಗೆ ತಿಳಿಯಿತು.

"ವಜೀರಾ, ಆರು, ಎಂಟರ ಲ.ಸಾ.ಅ. ಎಷ್ಟು?"

ಅವಳು ತಲೆಯೆತ್ತಿದಳು. "ಇಪ್ಪತ್ನಾಲ್ಕ್ರಿ."

"ಅಲ್ಲೀತನಕ ಯಾರೂ ನಿಲ್ಲಬ್ಯಾಡ್ರಿ. ಹಲಗಿ ನಾಲ್ಕು ಸುತ್ತು, ಮಿಷನ್ನು ಮೂರು. ನೀ ಒಂದೇ ಉಸಿರಿನ್ಯಾಗ ಓಡಿ, ಇಪ್ಪತ್ತೈದಕ್ಕ ಹೊಸ ಸಾಲು ಹಿಡಿ."

ರಿಕಾರ್ಡಿಂಗ್ ಕೋಣೆಯ ಗಾಜಿನ ಈಚೆ ನಿಂತು ಬೆರಳೆತ್ತಿ ಎಣಿಸಿದೆ. ಮೊದಲ ಸಲ ಇಪ್ಪತ್ತಕ್ಕೇ ಅವಳ ಉಸಿರು ತೀರಿತು. ಎರಡನೆಯ ಸಲ, ಇಪ್ಪತ್ತೈದನೆಯ ಪೆಟ್ಟಿಗೆ ಹಲಗಿ, ಮಿಷನ್ನು, ಮಾತು ಮೂರೂ ಕೂಡಿ ಬಿದ್ದವು. ಮಾಲೀಕ ಗಡಿಯಾರ ನೋಡುವುದನ್ನು ಬಿಟ್ಟ.

ಆ ವರ್ಷ ಜೇವರ್ಗಿ ಬಸ್ ನಿಲ್ದಾಣದ ಚಹಾದ ಅಂಗಡಿಗಳಲ್ಲೆಲ್ಲ ಅವಳ ಧ್ವನಿ. ಮುಂದೆ ಬೀದರ, ಹೈದರಾಬಾದು, ಪುಣೆ. ೧೯೯೮ರಲ್ಲಿ ಮುಂಬಯಿಯ ದೊಡ್ಡ ವೇದಿಕೆ. ಅಲ್ಲಿಯೂ ದಶರಥ ಅವಳ ಎಡಕ್ಕೆ ನಿಂತು ಬಾರಿಸಿದನಂತೆ.

ಮೊದಲ ಕ್ಯಾಸೆಟ್ಟನ್ನು ಅವಳೇ ನಮ್ಮ ಮನೆಗೆ ತಂದುಕೊಟ್ಟಿದ್ದಳು. ಹೊದಿಕೆಯ ಮೇಲೆ ಅವಳ ಹೆಸರು, ದಶರಥನ ಹೆಸರು, ಅದರ ಕೆಳಗೆ, "ಲೆಕ್ಕ: ಶಾಂತಲಿಂಗಪ್ಪ ಮಾಸ್ತರ." ನಾನು ಬೆಂಚಿನ ಪ್ರಸಂಗ ತೆಗೆದು, ತಪ್ಪು ನನ್ನದಾಗಿತ್ತು ಎಂದೆ.

"ಹೊರಗ ಗ್ವಾಡಿ ಇತ್ತಲ್ರಿ, ಮಾಸ್ತರ್ರ," ಎಂದಳು. "ಅದನ್ನ ಬಾರಿಸ್ತಿದ್ದೆ."

ನಾನು ಕಲಿಸಿದ್ದನ್ನು ಕಿವಿಯಿಂದ ಕೇಳುವ ಭಾಗ್ಯ ನನಗೆ ದೊರೆತದ್ದು ಅವಳಿಂದ. ಅದಕ್ಕೆ ಅವಳಿಗೆ ಋಣಿ. ನಮ್ಮ ಮನೆಯಲ್ಲಿ ಟೇಪ್ ರಿಕಾರ್ಡರ್ ಇರಲಿಲ್ಲ. ಮರುದಿನ ಹೋಗಿ ಕೊಂಡುತಂದೆ.