ಹುಲಗೆಮ್ಮನ ಕುರಿಗಳ ಲೆಕ್ಕ

ಗಂಗಾವತಿ ಕಡೆ ಭತ್ತದ ಕೊಯ್ಲು ಮುಗಿದಿತ್ತು. ರೇಣುಕಾಳ ಗಂಡ ಹನಮೇಶ ಕುರಿ ಹೊಡೆದುಕೊಂಡು ಕನಕಗಿರಿ ದಾಟಿ, ಮುಂದೆ ಯಾರ ಗದ್ದೆಗೆ ಎಂದು ತಿಳಿಯದೆ ಕಾದಿದ್ದ. ಯಲಬುರ್ಗಾ ಸೀಮೆಯ ಮಂಗಳೂರೆಂಬ ಹಳ್ಳಿಯ ಮನೆಯಲ್ಲಿ ರೇಣುಕಾ ಫೋನ್ ಹಿಡಿದು ಕುಳಿತಿದ್ದಳು. ಅವಳ ತವರು ಗಂಗಾವತಿ ಹತ್ತಿರ, ಗದ್ದೆ ಮಾಡಲು ಬಂದು ನೆಲೆಸಿದ ತೆಲುಗರ ಕ್ಯಾಂಪು. ಅಲ್ಲಿನ ವೆಂಕಟರತ್ನಂ ಧಣಿ ಗೊಬ್ಬರಕ್ಕೆಂದು ಗದ್ದೆಯಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಿದ್ದರು. ಅಲ್ಲಿ ಜಾಗ ಸಿಕ್ಕರೆ ಕುರಿಗೆ ಮೇವು. ಅವಳಿಗೆ ಎರಡು ತಿಂಗಳಿಂದ ಕಾಣದ ಗಂಡನ ಮುಖ.

ಧಣಿಯ ಮೆಸೇಜು ತೆಲುಗಿನಲ್ಲಿ ಬಂತು. ಕುರಿ ಎಷ್ಟಿವೆ ಹೇಳಮ್ಮ, ಅದನ್ನು ನೋಡಿ ಗದ್ದೆ ಬಿಡಬೇಕು. ಇನ್ನೊಬ್ಬರೂ ಕೇಳುತ್ತಿದ್ದಾರೆ, ಮಧ್ಯಾಹ್ನದೊಳಗೆ ತಿಳಿಸು.

ರೇಣುಕಾ ಅತ್ತೆಯನ್ನು ಕೇಳಿದಳು. ಜೋಳ ಕೇರುತ್ತಿದ್ದ ಹುಲಗೆಮ್ಮ ಮೊರ ಕೆಳಗಿಟ್ಟಳು.

“ಕುರಿ ಲೆಕ್ಕ ಬಾಯಾಗ ಆಡ್ತಾರೇನವ್ವ? ದೃಷ್ಟಿ ಆಕ್ಕೈತಿ. ಸಾಕಷ್ಟು ಅದಾವ ಅಂತ ಬರಿ.”

ಬರೆದಳು. ಕೂಡಲೇ ಉತ್ತರ ಬಂತು. ಸಾಕಷ್ಟು ಅಂದರೆ ಎರಡೋ, ಎರಡು ಸಾವಿರವೋ?

“ಹಿಂಗ ಕೇಳ್ಯಾರ ನೋಡ್ರಿ ಅತ್ತಿ.”

“ಕೇಳ್ಲಿ. ನಮ್ಮತ್ತಿ ಅಮಲ್ದಾರ ಬಂದು ಕೇಳಿದ್ರೂ ಹೇಳಿರ್ಲಿಲ್ಲ.”

ಹನಮೇಶನ ಫೋನು ಹತ್ತುತ್ತಿರಲಿಲ್ಲ. ಹತ್ತಿದ್ದರೂ ಲೆಕ್ಕ ಹೇಳುತ್ತಿರಲಿಲ್ಲ, ಅವನು ಆ ತಾಯಿಯ ಮಗನೇ. ರೇಣುಕಾ ಅತ್ತೆಯ ಪಕ್ಕ ಕುಳಿತು ಕೀಬೋರ್ಡಿನಲ್ಲಿ ಭಾಷೆ ಬದಲಿಸುವ ಗುಂಡಿ ಒತ್ತಿ ತೋರಿಸಿದಳು.

“ನೋಡ್ರಿ, ಎಲ್ಲಾ ತೆಲುಗು ಆತು. ಬಾಯಿಲೆ ಹೇಳೂದಲ್ಲ, ಬೆರಳಿಲೆ ಬರಿಯೂದು.”

“ಇದನ್ನ ನಮ್ಮೂರಾಗ ಯಾರು ಓದ್ತಾರ?”

“ನಾ ಒಬ್ಬಾಕಿನ.”

“ಮತ್ತ ಕುರಿಗೆ?”

“ನಮ್ಮ ಕುರಿಗೆ ತೆಲುಗು ಎಲ್ಲಿಂದ ಬರಬೇಕ್ರಿ?”

ಹುಲಗೆಮ್ಮ ಹುಡುಗಿಯಾಗಿದ್ದಾಗ ಗಂಗಾವತಿಗೆ ನಾಟಿ ಕೆಲಸಕ್ಕೆ ಹೋಗಿ, ಸಸಿಯ ಕಟ್ಟುಗಳನ್ನು ತೆಲುಗಿನಲ್ಲೇ ಎಣಿಸಿದವಳು. ಎದ್ದು ಬಾಗಿಲು ಮುಂದೆ ಮಾಡಿದಳು. ಗೋಡೆಗೆ ಮುಖ ಮಾಡಿ, ಮೆಲ್ಲಗೆ, ತೆಲುಗಿನಲ್ಲಿ ಲೆಕ್ಕ ಹೇಳಿದಳು. ಎಷ್ಟೆಂದು ಇಲ್ಲಿ ಕನ್ನಡದಲ್ಲಿ ಬರೆದರೆ ಆಕೆ ಸುಮ್ಮನಿರಲಿಕ್ಕಿಲ್ಲ.

“ಅಂಕಿ ಹಾಕಬ್ಯಾಡ ಮತ್ತ. ಅಂಕಿ ಎಲ್ಲಾರಿಗೂ ತಿಳಿತಾವ.”

ರೇಣುಕಾ ಅಕ್ಷರದಲ್ಲೇ ಬರೆದು ಕಳಿಸಿದಳು. ಟಿಕ್ ಎರಡೂ ನೀಲಿಯಾದವು.

“ಓದಿದ್ರೇನು?”

“ಓದ್ಯಾರ್ರಿ.”

“ಹಂಗಾರ ಅಳಿಸು.”

ಅಳಿಸುವಷ್ಟರಲ್ಲಿ ಧಣಿಯ ಉತ್ತರ ಬಂದಿತ್ತು. ಭಾನುವಾರ ಹೊಡೆದುಕೊಂಡು ಬರಲಿ, ಕಾಲುವೆ ಪಕ್ಕದ ನಾಲ್ಕು ಎಕರೆ ಬಿಟ್ಟಿದ್ದೇನೆ.

ರೇಣುಕಾ ಕೀಬೋರ್ಡನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ಗಂಡನಿಗೆ ಬರೆದಳು: ‘ಭಾನುವಾರ ನಮ್ಮ ಕ್ಯಾಂಪಿಗೆ ಬರ್ರಿ. ನಾನೂ ಬರ್ತೀನಿ.’ ಸಿಗ್ನಲ್ ಸಿಕ್ಕಾಗ ಮುಟ್ಟಲಿ ಎಂದು ಫೋನನ್ನು ಕಿಟಕಿಯಲ್ಲಿಟ್ಟಳು.

“ಒಯ್ಯಾಕ ರೊಟ್ಟಿ ಎಷ್ಟು ಬಡಿಯೂಣ್ರಿ ಅತ್ತಿ?”

“ಅರವತ್ತು,” ಎಂದಳು ಹುಲಗೆಮ್ಮ, ಓಣಿಗೆಲ್ಲ ಕೇಳುವ ಹಾಗೆ.