ಸದ್ದಿಲ್ಲದ ಕೀಬೋರ್ಡಿಗೆ ಎರಡು ಸ್ಟಾರ್

ಅನುವಾದಕನ ಲ್ಯಾಪ್‌ಟಾಪಿಗೆ ಜೋಡಿಸಿದ್ದ ಕೀಬೋರ್ಡು ಕೈಕೊಟ್ಟಿತು. ಎರಡು ವರ್ಷದ ಹಿಂದೆ ಹೆಂಡತಿ ಪಕ್ಕದ ಕೋಣೆಯಲ್ಲಿ ಹಾಸಿಗೆ ಹಿಡಿದಾಗ, ಅವಳ ನಿದ್ದೆ ಕೆಡಬಾರದೆಂದು ಹುಡುಕಿ ಹುಡುಕಿ ತರಿಸಿದ್ದ, ಸದ್ದೇ ಮಾಡದ ಕೀಬೋರ್ಡು ಅದು. ಈಗ ಆ ಕೋಣೆಯಲ್ಲಿ ಯಾರೂ ಇಲ್ಲ. ಆದರೂ ಬೆರಳಿಗೆ ಅದೇ ರೂಢಿಯಾಗಿತ್ತು. ಅಂಥದ್ದೇ ಇನ್ನೊಂದು ತರಿಸೋಣವೆಂದು ಆನ್‌ಲೈನ್ ಅಂಗಡಿಯಲ್ಲಿ ಆ ಕೀಬೋರ್ಡಿನ ಪುಟ ತೆರೆದ.

ಕೊಂಡವರು ಬರೆಯುವ ರಿವ್ಯೂ ಎಂದರೆ ಅವನಿಗೆ ಮೊದಲಿಂದಲೂ ಅಷ್ಟಕ್ಕಷ್ಟೇ. "ಕಾಸು ತಗೊಂಡು ಹೊಗಳೋರು ಅರ್ಧ, ಡಬ್ಬಿ ಬಿಚ್ಚೋ ಮೊದಲೇ ಬರೆಯೋರು ಇನ್ನರ್ಧ" ಎಂದು ಗೊಣಗುತ್ತಿದ್ದ. "ಎಲ್ಲರೂ ಸುಳ್ಳು ಹೇಳಲ್ಲ ಬಿಡಿ" ಎನ್ನುತ್ತಿದ್ದಳು ಹೆಂಡತಿ.

ಮನೆಗೆಲ್ಲ ಇದ್ದದ್ದು ಅವಳ ಹೆಸರಿನ ಖಾತೆಯೊಂದೇ. ಪುಟದ ಮೇಲ್ಗಡೆ 'ನಿಮ್ಮ ರಿವ್ಯೂ' ಎಂದಿತ್ತು. ಅವನಂತೂ ಬರೆದವನಲ್ಲ. ತಾರೀಕು ನೋಡಿದ; ಅವಳು ತೀರಿಕೊಳ್ಳುವುದಕ್ಕೆ ಹದಿನೈದು ದಿನ ಮುಂಚಿನದು. ಐದರಲ್ಲಿ ಎರಡೇ ಸ್ಟಾರ್ ಕೊಟ್ಟಿದ್ದಳು.

"ಹೇಳಿದಂತೆಯೇ ಒಂಚೂರೂ ಸದ್ದಿಲ್ಲ. ಮೊದಲು ಗೋಡೆಯಾಚೆ ಟಕಟಕ ಕೇಳುತ್ತಿದ್ದರೆ, ನಮ್ಮ ಯಜಮಾನರು ಅಲ್ಲೇ ಇದ್ದಾರೆ ಅಂತ ಧೈರ್ಯವಾಗಿ ನಿದ್ದೆ ಹೋಗುತ್ತಿದ್ದೆ. ಈಗ ರೆಪ್ಪೆಗೆ ರೆಪ್ಪೆ ಅಂಟುವುದಿಲ್ಲ. ಪ್ರೀತಿಯಿಂದ ತರಿಸಿದ್ದಾರೆ, ಅವರಿಗೆ ಹೇಳಲಾರೆ. ಮನೆಯಲ್ಲಿ ಕಾಯಿಲೆಯವರಿದ್ದರೆ ದಯವಿಟ್ಟು ಸದ್ದು ಮಾಡುವುದನ್ನೇ ಕೊಳ್ಳಿ."

ಈ ರಿವ್ಯೂ ಉಪಯೋಗವಾಯಿತೇ ಎಂದು ಕೆಳಗೆ ಕೇಳಿತ್ತು. ಎರಡು ವರ್ಷದಲ್ಲಿ ಒಬ್ಬರೂ ಹೌದು ಎಂದಿರಲಿಲ್ಲ. ಅವನು ಹೌದು ಎಂದು ಒತ್ತಿದ.

ನಿಮ್ಮ ರಿವ್ಯೂಗೆ ನೀವೇ ಮತ ಹಾಕುವಂತಿಲ್ಲ ಎಂದಿತು ಪರದೆ.