ಒಂದು ಚಂದಾಕ್ಕೆ ಒಂದೇ ಓಟು

ಫ್ಯಾನು ಸುತ್ತುತ್ತಿದೆ, ಸುತ್ತಿಗೊಂದು ಕಟಕ್, ಅದರ ಬೇರಿಂಗು ಒಣಗಿದೆ, ಒಂದು ತೊಟ್ಟು ಎಣ್ಣೆ ಬಿಡಬೇಕು ಅಂತ ಇಬ್ಬರೂ ಹೇಳುತ್ತಲೇ ಇದ್ದೇವೆ, ಮನೆಯಲ್ಲಿ ಇಬ್ಬರು ಎಂಜಿನಿಯರುಗಳಿದ್ದರೆ ಫ್ಯಾನಿಗೆ ಎಣ್ಣೆ ಬಿಡುವವರು ಯಾರೂ ಇರುವುದಿಲ್ಲ — ಜ್ವರದ ಮಾತ್ರೆ ನಾಲಿಗೆಯ ಮೇಲೆ ಇನ್ನೂ ಕಹಿ, ಮೈ ಹಾಸಿಗೆಯಿಂದ ಒಂದು ಗೇಣು ಮೇಲೆ ತೇಲುತ್ತಿರುವ ಹಾಗೆ, ಮಧ್ಯಾಹ್ನದ ಬಿಸಿಲು ಪರದೆಯಲ್ಲಿ ಸೋಸಿ ಬಂದು ಗೋಡೆಗೆಲ್ಲ ತೆಳು ಚಹಾದ ಬಣ್ಣ, ಎದೆಯ ಮೇಲೆ ಪತ್ರಿಕೆ ಕವುಚಿ ಬಿದ್ದಿದೆ, ಉಸಿರೆಳೆದರೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ, ಅದರೊಳಗೆ ಓಟಿನ ಕಾರ್ಡು. ವರ್ಷದ ಅತ್ಯುತ್ತಮ ತಾಂತ್ರಿಕ ಲೇಖನವನ್ನು ಓದುಗರೇ ಆರಿಸಿ, ಒಂದು ಚಂದಾಕ್ಕೆ ಒಂದೇ ಓಟು, ಲೇಖಕರು ತಮಗೆ ತಾವೇ ಓಟು ಹಾಕಿಕೊಳ್ಳುವಂತಿಲ್ಲ, ಕೆಳಗೆ ಒಂದು ಸಾಲಿನಷ್ಟು ಖಾಲಿ ಜಾಗ, ನಿಮ್ಮ ಆಯ್ಕೆಗೆ ಕಾರಣ. ಚಂದಾ ನನ್ನದು, ಮದುವೆಗೂ ಮುಂಚಿನದು. ಲೇಖನ ಗಂಡನದು. ಹೊಸ ಗ್ರೀಸು ಹಾಕಿದ ಬೇರಿಂಗುಗಳು ಭಾರ ಹೆಚ್ಚಿದಂತೆ ಎಷ್ಟು ಬಿಸಿಯಾಗುತ್ತವೆ ಅನ್ನುವುದರ ಮೇಲೆ, ಅಚ್ಚುಕಟ್ಟಾಗಿ ಬರೆದಿದ್ದಾನೆ, ಹಾಗಂತ ಎಲ್ಲರೂ ಅನ್ನುತ್ತಾರೆ. ರಸ್ತೆ ಮೂಲೆಯ ಅಂಚೆ ಡಬ್ಬಿ ಸಂಜೆ ಖಾಲಿಯಾಗುತ್ತದೆ, ಇವತ್ತು ಹಾಕದಿದ್ದರೆ ಈ ಕಾರ್ಡಿಗೆ ಬೆಲೆಯಿಲ್ಲ. ಆಫೀಸಿನಲ್ಲಿ ಪಕ್ಕದ ಮೇಜಿನವಳು ಪೈಪುಗಳ ಡ್ರಾಯಿಂಗಿನಿಂದ ತಲೆಯೆತ್ತದೆಯೇ, ನಿಮ್ಮ ಓಟು ಮನೆಯೊಳಗೇ ಬಿತ್ತು ಬಿಡಿ, ಪುಣ್ಯವಂತರು ನಿಮ್ಮವರು, ನಮ್ಮನೆಯವ್ರು ಬರೆದ ಚೀಟಿ ನೋಡ್ಕೊಂಡು ನಾನು ಸಾಮಾನೂ ತರಲ್ಲ. ಅತ್ತೆ ಫೋನಿನಲ್ಲಿ ತಂಗಿಗೆ, ನಮ್ಮ ಹುಡುಗ ಎಲೆಕ್ಷನ್ನಿಗೆ ನಿಂತಿದ್ದಾನೆ, ಪುಸ್ತಕದ ಎಲೆಕ್ಷನ್ನು ಕಣೇ, ಗೆದ್ದ ಹಾಗೇ ಅಂತೆ. ಫೋನಿಟ್ಟು ನನ್ನ ಕಡೆ ತಿರುಗಿ, ಅದೇನೇ ಆ ಕಾರ್ಡಿಗೆ ಇಷ್ಟು ಯೋಚನೆ, ಇವನನ್ನ ಮದುವೆಯಾಗ್ತೀನಿ ಅನ್ನೋಕೆ ಒಂದು ಲೋಟ ಕಾಫಿ ಆರೋಷ್ಟು ಹೊತ್ತೂ ತಗೊಳ್ಳಲಿಲ್ಲ ನೀನು. ಆವಾಗ ನಂಗೆ ಬುದ್ಧಿ ಇರಲಿಲ್ಲ ಅತ್ತೆ. ಈಗ ಬಂದಿರೋದೂ ಬುದ್ಧಿ ಅಲ್ಲ, ಜ್ವರ, ಹೋಗಿ ಮಲ್ಕೋ.

ಮಲಗಿದ್ದೇನೆ. ಕಣ್ಣು ಮುಚ್ಚಿದರೆ ಅವನ ಗ್ರಾಫು, ಚೌಕಟ್ಟಿನೊಳಗೆ ಎಡಗಡೆ ಕೆಳಗಿನಿಂದ ಬಲಗಡೆ ಮೇಲಕ್ಕೆ ಏರುವ ಗೆರೆ, ಗೆರೆಯ ಮೈಗಂಟಿಕೊಂಡು ಚುಕ್ಕೆಗಳು, ಶಾಲೆಯ ಮಕ್ಕಳು ಸಾಲಾಗಿ ನಿಂತ ಹಾಗೆ, ಒಂದಾದರೂ ತುಂಟತನ ಮಾಡಬಾರದೇ. ಮಾಡಿತ್ತು. ಅವತ್ತು ಕಾರ್ಖಾನೆಯಿಂದ ಬಂದವನು ಮೊಣಕೈವರೆಗೆ ಸೋಪು ಹಚ್ಚಿಕೊಂಡು ನಲ್ಲಿಯ ಮುಂದೆ ನಿಂತು, ಒಂದು ಬೇರಿಂಗು ತಲೆಹರಟೆ ಮಾಡ್ತಿದೆ ಕಣೇ, ಮಿಕ್ಕವೆಲ್ಲ ಗೆರೆ ಮೇಲೆ ಕೂತಿವೆ, ಇದೊಂದು ಹಾರಿ ಮೇಲೆ ಕೂತಿದೆ. ಥರ್ಮಾಮೀಟರು ನೋಡಿದ್ಯಾ, ಅಂದೆ. ಕೆಟ್ಟಿರುತ್ತೆ. ಕೆಟ್ಟಿದೆಯೋ, ಕೆಟ್ಟಿರುತ್ತೋ. ಅವನು ನಲ್ಲಿಯನ್ನು ಇನ್ನಷ್ಟು ತಿರುಗಿಸಿದ, ನೀರಿನ ಸದ್ದಿನಲ್ಲಿ ನನ್ನ ಪ್ರಶ್ನೆ ಕೊಚ್ಚಿಹೋಯಿತು, ಕೈ ಒರೆಸಿಕೊಳ್ಳುತ್ತ, ಮತ್ತೆ ಬಿಚ್ಚಿ ಜೋಡಿಸೋಕೆ ಮೆಷೀನು ನಿಲ್ಲಿಸಬೇಕು, ಮ್ಯಾನೇಜರು ನನ್ನ ಚರ್ಮ ಸುಲೀತಾರೆ, ಅಂದ. ಊಟದ ಮೇಜಿನ ಮೇಲೆ ಗ್ರಾಫ್ ಹಾಳೆ ಹರಡಿತ್ತು, ಎದುರು ಕೂತಿದ್ದ ನನಗೆ ತಲೆಕೆಳಗಾಗಿ ಕಾಣುತ್ತಿತ್ತು, ಸಾಲಿನಿಂದ ದೂರ ಒಂಟಿಯಾಗಿ ಒಂದು ಪೆನ್ಸಿಲ್ ಚುಕ್ಕೆ, ಆಮೇಲೆ ರಬ್ಬರು, ಉಫ್ ಎಂದು ಊದಿದ ಪುಡಿ, ಒಂದೆರಡು ಕಣ ನನ್ನ ತಟ್ಟೆಗೂ ಬಂತು. ಖಾಲಿ ರಸ್ತೆಯಲ್ಲೂ ಕೆಂಪು ದೀಪಕ್ಕೆ ನಿಲ್ಲುವವನು, ಹಿಂದಿನವರು ಹಾರನ್ನು ಬಾರಿಸಿ ಬೈದರೂ ನಿಲ್ಲುವವನು, ಅವನು ಸುಳ್ಳ ಅಂತ ಯಾರಾದರೂ ಅಂದರೆ ನಾನೇ ಜಗಳಕ್ಕೆ ಹೋಗುತ್ತೇನೆ. ಸುಳ್ಳು ಹೇಳಿಲ್ಲ, ಒಂದು ಚುಕ್ಕೆ ಕಡಿಮೆ ಹೇಳಿದ್ದಾನೆ — ಚಿಕ್ಕವಳಿದ್ದಾಗ ಚುಕ್ಕೆ ಸೇರಿಸಿ ಚಿತ್ರ ಬಿಡಿಸುವ ಪುಸ್ತಕ, ಬಾತುಕೋಳಿ ಪೂರ್ತಿಯಾಗಿದೆ, ಕೊಕ್ಕಿನ ಮುಂದೆ ಒಂದು ಚುಕ್ಕೆ ಹೆಚ್ಚಿಗೆ ಉಳಿದಿದೆ, ನಾನು ಅಳುವುದೊಂದು ಬಾಕಿ, ತಮ್ಮ ಬಗ್ಗಿ ನೋಡಿ, ಅದು ಬಾತು ತಿನ್ನೋಕೆ ಹೊರಟಿರೋ ನೊಣ ಕಣೇ ಅಕ್ಕ. ತಮ್ಮನಿಗೆ ಆಗಲೇ ಗೊತ್ತಿತ್ತು, ಉಳಿದದ್ದಕ್ಕೂ ಒಂದು ಕೆಲಸ ಇರುತ್ತದೆ.

ಗೆದ್ದ ಲೇಖನದ ಗ್ರಾಫನ್ನು ಗೋಡೆಯಷ್ಟಗಲ ಅಚ್ಚು ಹಾಕಿ ಎಲ್ಲ ಚಂದಾದಾರರಿಗೂ ಕಳಿಸುತ್ತಾರೆ, ಅದೇ ಬಹುಮಾನ, ಎಷ್ಟು ವರ್ಕ್‌ಶಾಪುಗಳ ಗೋಡೆಯ ಮೇಲೆ ಹಳೆಯವು ಜಿಡ್ಡು ಹಿಡಿದು ನೇತಾಡುತ್ತಿವೆ, ಜನ ಅದನ್ನು ನೋಡಿಯೇ ಮೆಷೀನಿಗೆ ಭಾರ ಹಾಕುತ್ತಾರೆ, ಲೇಖನ ಯಾರು ಓದುತ್ತಾರೆ — ಜ್ವರ ಏರುತ್ತಿದೆಯೋ ಇಳಿಯುತ್ತಿದೆಯೋ, ಗೋಡೆ ಉದ್ದವಾಗುತ್ತಿದೆ, ಅದರ ಮೇಲೆ ಅವನ ಗೆರೆ, ಮುಖವಿಲ್ಲದ ಒಬ್ಬ ಗೆರೆಯನ್ನು ಬೆರಳಲ್ಲಿ ಅಳೆದು, ಪರವಾಗಿಲ್ಲ, ಇನ್ನೂ ಹಾಕಬಹುದು, ಅನ್ನುತ್ತಾನೆ, ಇನ್ನೊಬ್ಬ ಬೇರಿಂಗಿನ ಮೇಲೆ ಅಂಗೈ ಇಡುತ್ತಾನೆ, ಹಣೆ ಮುಟ್ಟಿ ಜ್ವರ ನೋಡುವ ಹಾಗೆ, ಮೆಲ್ಲಗೆ — ಎದ್ದು ಕೂತೆ. ಬಾಯಿ ಒಣಗಿತ್ತು. ಓಟಿನ ಪಟ್ಟಿಯಲ್ಲಿ ಇನ್ನೊಂದು ಲೇಖನವಿದೆ, ಹಳೆಯ ನೀರಿನ ಪೈಪುಗಳೊಳಗೆ ಕಟ್ಟುವ ಗಸಿಯ ಬಗ್ಗೆ, ಬರೆದವರು ಯಾರೋ, ಮುಖ ನೋಡಿದವಳಲ್ಲ, ಅವರ ಚುಕ್ಕೆಗಳು ಚೀಲ ಹರಿದು ಚೆಲ್ಲಿದ ಕಾಳಿನ ಹಾಗೆ, ಗೆರೆ ಎಳೆಯಲು ಧೈರ್ಯ ಬಂದಿಲ್ಲ, ಕೊನೆಯಲ್ಲಿ, ಹೀಗೇಕಾಗುತ್ತದೆಂದು ನಮಗೆ ತಿಳಿದಿಲ್ಲ, ಅಂತ ಬರೆದುಬಿಟ್ಟಿದ್ದಾರೆ. ಬೆಳಿಗ್ಗೆ ಅವನಿಗೆ, ಪೈಪಿನದು ಓದಿದ್ಯಾ, ಚೆನ್ನಾಗಿದೆ, ಅಂದೆ. ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ, ಅದಕ್ಕೆ ಯಾರು ಹಾಕ್ತಾರೆ, ಅಂದ, ನಕ್ಕ, ನಕ್ಕಿದ್ದು ಬೇಗ ಮುಗಿಯಿತು. ಪೈಪಿಗೆ ಗುರುತು ಹಾಕಿ ಕಾರ್ಡನ್ನು ಮಡಿಚಿ ನಾನೇ ಹೋಗಿ ಡಬ್ಬಿಗೆ ಹಾಕಿದರೆ ಆಯಿತು, ಯಾರಿಗೂ ತಿಳಿಯುವುದಿಲ್ಲ, ಹಾಗೆ ಮಾಡಿದರೆ ನಾನೂ ರಬ್ಬರು ಹಿಡಿದ ಹಾಗೆ. ಅವನಿಗೆ ಹಾಕಿದರೋ, ಕಾರಣದ ಸಾಲಿನಲ್ಲಿ ಏನು ಬರೆಯಲಿ, ಗಂಡ ಅಂತಲೇ. ಪೆನ್ನು ಕೈಯಲ್ಲಿದೆ, ಪತ್ರಿಕೆ ಅವನ ಪುಟಕ್ಕೆ ತಾನಾಗಿ ತೆರೆದುಕೊಳ್ಳುತ್ತದೆ, ಅಷ್ಟು ಸಲ ತೆರೆದಿದ್ದೇನೆ, ಪೆನ್ನು ಕಾರ್ಡಿಗೆ ಹೋಗದೆ ಗ್ರಾಫಿನೊಳಕ್ಕೆ ಇಳಿಯಿತು, ಗೆರೆಯ ಮೇಲುಗಡೆ, ಚೌಕಟ್ಟಿನ ಅಂಚಿಗೆ ಹತ್ತಿರ, ನೆನಪಿದ್ದಷ್ಟರಲ್ಲಿ, ಒಂದು ನೀಲಿ ಚುಕ್ಕೆ.

ಬಾಗಿಲು ತಳ್ಳಿಕೊಂಡು ಬಂದ, ನೀರಿನ ಲೋಟ, ಅಂಗೈಯನ್ನು ನನ್ನ ಹಣೆಗಿಟ್ಟ, ಇಳಿದಿದೆ, ಅಂದ, ಆ ಅಂಗೈ ತಣ್ಣಗಿತ್ತು. ಕಾರ್ಡು ಬರೆದಿದ್ರೆ ಕೊಡು, ಡಬ್ಬಿಗೆ ಹಾಕಿ ಬರ್ತೀನಿ. ಕಾರ್ಡು ದಿಂಬಿನ ಕೆಳಗೆ ಖಾಲಿಯಾಗಿತ್ತು, ಪತ್ರಿಕೆಯನ್ನು ಕೊಟ್ಟೆ, ತೆರೆದಂತೆಯೇ. ನಿಂತು ನೋಡಿದ. ಇದೇನಿದು ಅನ್ನುತ್ತಾನೆ, ಅಚ್ಚಿನ ಮಸಿ ಅನ್ನುತ್ತಾನೆ, ಬೈಯುತ್ತಾನೆ, ನಗುತ್ತಾನೆ, ನಾಲ್ಕಕ್ಕೂ ನನ್ನ ಹತ್ತಿರ ಉತ್ತರ ತಯಾರಿತ್ತು, ಅವನು ಮಂಚದ ಅಂಚಿಗೆ ಕೂತ, ಫ್ಯಾನು ಕಟಕ್, ಕಟಕ್, ಅಡುಗೆಮನೆಯಲ್ಲಿ ಪಾತ್ರೆಯೊಂದು ಉರುಳಿ ನಿಂತಿತು. ಅಲ್ಲ, ಅಂದ. ಇಷ್ಟು ಕೆಳಗಿರಲಿಲ್ಲ. ಕೆಲಸದ ದನಿ, ಪಕ್ಕದ ಮೇಜಿನವಳ ಡ್ರಾಯಿಂಗಿನಲ್ಲಿ ತಪ್ಪು ಕಂಡಾಗ ನನಗೆ ಬರುವಂಥದ್ದು, ಬಂದ ಮೇಲೆ ಅವನಿಗೇ ಕೇಳಿಸಿರಬೇಕು, ಒಂದು ಗಳಿಗೆ ಬಾಯಿ ಹಾಗೆಯೇ ತೆರೆದಿತ್ತು. ಮತ್ತೆಲ್ಲಿತ್ತು, ಅಂದೆ. ನನ್ನ ಬೆರಳುಗಳಿಂದ ಪೆನ್ನು ಬಿಡಿಸಿಕೊಂಡ, ಹೊರಗಿನಿಂದ ಅತ್ತೆ, ಹಾಕಿದಳೇನೋ ನಿಂಗೆ, ಡಬ್ಬಿ ತೆಗೆಯೋ ಹೊತ್ತಾಯ್ತು, ಅವನು ತಲೆಯೆತ್ತಲಿಲ್ಲ, ಇಲ್ಲಮ್ಮ, ಪೈಪಿನವರಿಗೆ ಹಾಕ್ತಾಳೆ. ಪೆನ್ನಿನ ಮೊನೆ ನನ್ನ ಚುಕ್ಕೆಯನ್ನು ದಾಟಿತು, ಮೇಲೆ, ಚೌಕಟ್ಟಿನ ಗೆರೆಯನ್ನೂ ದಾಟಿತು, ಇನ್ನೂ ಮೇಲೆ, ಅಚ್ಚಿನ ಅಕ್ಷರಗಳೆಲ್ಲ ಕೆಳಗೆ ಉಳಿದವು, ಹಾಳೆಯ ಬಿಳಿ ಅಂಚಿನಲ್ಲಿ ನಿಂತಿತು, ಒತ್ತಿತು — ಚುಕ್ಕೆ, ಗ್ರಾಫಿನ ಹೊರಗೆ, ಒದ್ದೆಯಾಗಿ, ಸುತ್ತ ಬರಿ ಕಾಗದ, ಚುಕ್ಕೆ, ಅವನೂ ಅದನ್ನೇ ನೋಡುತ್ತಿದ್ದಾನೆ, ಇನ್ನೂ ಆರಿಲ್ಲ, ಚುಕ್ಕೆ